ಗುಂಟೆಗೆ ನೂರು ರೂಪಾಯಿ, ಚಿಲ್ಲರೆ ನೀವೇ ಇಟ್ಕೊಳ್ಳಿ ಸ್ವಾಮಿ

ಅಂತೂ 2021ರ ಮೇನಲ್ಲಿ ಕೊರೊನಾ ಲಾಕ್‌ಡೌನ್ ಪರಿಹಾರ ಅಂತ ರಾಜ್ಯ ಸರ್ಕಾರದ 1,250 ಕೋಟಿ ಪ್ಯಾಕೇಜ್ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನೋರು ಓದಿದ್ದನ್ನ ಎಲ್ಲರೂ ಟೀವೀಲಿ ನೋಡಿದೀರಿ. ಹೂವು ಬೆಳೆದೋರಿಗೆ ಹೆಕ್ಟೇರಿಗೆ 10,000, ಅದೂ ಒಂದೇ ಒಂದು ಹೆಕ್ಟೇರಿಗೆ. ಅದರ ಹಿಂದಿನ ವರ್ಷ, 2020ರ ಮೇನಲ್ಲಿ, ಇದೇ ಹೂವಿಗೆ 25,000 ಅಂದಿದ್ರು. ಆ ಒಂದು ವರ್ಷದಲ್ಲಿ ಡೀಸೆಲ್ ಏರಿತ್ತು, ಗೊಬ್ಬರ ಏರಿತ್ತು, ಅಡುಗೆ ಎಣ್ಣೆ ಏರಿತ್ತು. ರೇಟು ಇಳಿಸಿ ಇಳಿಸಿ ಅಂತ ಬಾಯಿ ಬಡ್ಕೋತಿದ್ರಲ್ಲ, ತಗೊಳ್ಳಿ, ಇದನ್ನ ಇಳಿಸಿದಾರೆ.

ಈ ಹೆಕ್ಟೇರ್ ಐಡಿಯಾ ಕೊಟ್ಟೋರನ್ನ ಮಾತ್ರ ಮೆಚ್ಚಬೇಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಯಾವ ಹಳ್ಳಿಗಾದ್ರೂ ಹೋಗಿ ಎಷ್ಟು ಹೆಕ್ಟೇರ್ ಸೇವಂತಿಗೆ ಹಾಕಿದೀಯಪ್ಪ ಅಂತ ಕೇಳಿ, ಜಮೀನು ಅಳೆದು ಕಿತ್ಕೊಳ್ಳೋಕೆ ಬಂದಿದಾನೆ ಅಂದ್ಕೊಂಡು ಓಡಿಸ್ತಾರೆ. ಅಲ್ಲಿರೋದು ಎಕರೆ, ಗುಂಟೆ. ದುಡ್ಡು ಕೊಡುವಾಗ ಮಾತ್ರ ಹೆಕ್ಟೇರು, ಯಾಕಂದ್ರೆ ಒಂದು ಹೆಕ್ಟೇರಿಗೆ ಹತ್ತತ್ರ 99 ಗುಂಟೆ, ಭಾಗಾಕಾರ ಮಾಡಿದ್ರೆ ಗುಂಟೆಗೆ ನೂರು ರೂಪಾಯಿ, ಹಂಗಂತ ಬ್ರೇಕಿಂಗ್ ನ್ಯೂಸ್ ಹಾಕಿದ್ರೆ ಓದೋ ಆ್ಯಂಕರ್‌ಗೂ ನಗು ಬರುತ್ತೆ. ಇಪ್ಪತ್ತು ಗುಂಟೆ ಹಾಕ್ದೋನಿಗೆ 2,000. ಒಂದು ಮೂಟೆ ಡಿಎಪಿ ಗೊಬ್ಬರ ತಗೊಂಡ್ರೆ 800 ಮಿಗ್ತಿತ್ತು, ಅದೂ ಅದೇ ದಿನ ದೆಹಲಿಯೋರು ಸಬ್ಸಿಡಿ ಏರ್ಸಿ ಮೂಟೆ 1,200ಕ್ಕೆ ತಂದಿದ್ದಕ್ಕೆ, 2,400ರಲ್ಲೇ ಬಿಟ್ಟಿದ್ರೆ ಪರಿಹಾರದ ಮೇಲೆ 400 ಸಾಲ ಮಾಡ್ಬೇಕಿತ್ತು.

ಅಂದಹಾಗೆ 2020ರಲ್ಲಿ 1,610 ಕೋಟಿ ಪ್ಯಾಕೇಜ್ ಓದಿದ ದಿನಾನೇ ಕುಡಿಯೋ ಎಣ್ಣೆ ಮೇಲಿನ ಸುಂಕ 11 ಪರ್ಸೆಂಟ್ ಏರಿಸಿದ್ದು ನೆನಪಿದ್ಯಾ? ಮೇ 4ಕ್ಕೆ ಅಂಗಡಿ ತೆಗೆದ್ರು, ಮಾರನೇ ದಿನ ಒಂದೇ ದಿನಕ್ಕೆ 197 ಕೋಟಿ ವ್ಯಾಪಾರ. ಯಾವ ವೈನ್‌ಶಾಪಲ್ಲೂ ಜಮೀನಿನ ಪಹಣಿ ತಗೊಂಡ್ಬಾ ಅನ್ಲಿಲ್ಲ, ಆಧಾರ್ ಲಿಂಕ್ ಆಗಿದ್ಯಾ ಅನ್ಲಿಲ್ಲ. ಖಜಾನೆಗೆ ದುಡ್ಡು ತಂದೋರು ಅವರೇ ಆದ್ರಿಂದ ಹೂವಿನೋರೆಲ್ಲಾ ಸೇರಿ ಕುಡುಕರಿಗೆ ಒಂದು ಸನ್ಮಾನ ಇಟ್ಕೋಬೇಕಿತ್ತು, ಹಾರಕ್ಕಂತೂ ಬರ ಇರ್ಲಿಲ್ಲ.

ಇನ್ನು ದುಡ್ಡು ಯಾರಿಗೆ? ಪಹಣೀಲಿ ಹೆಸರಿರೋರಿಗೆ. ನಮ್ಮ ಕಡೆ ಪಹಣೀಲಿರೋ ಅರ್ಧ ಜನ ತೀರ್ಕೊಂಡಿದಾರೆ. ತಾತ ಸತ್ತು ಕಾಲ ಆಯ್ತು, ಪೌತಿ ಖಾತೆ, ಅಂದ್ರೆ ಜಮೀನು ವಾರಸುದಾರರ ಹೆಸರಿಗೆ, ಆಗಿಲ್ಲ, ಅಣ್ಣತಮ್ಮಂದ್ರು ಮುಖ ಕೊಟ್ಟು ಮಾತಾಡಲ್ಲ, ಹಂಗಾಗಿ ದಾಖಲೆ ಪ್ರಕಾರ ಕೊರೊನಾದಲ್ಲಿ ಸೇವಂತಿಗೆ ಹಾಕಿ ಕೈ ಸುಟ್ಕೊಂಡಿದ್ದು ತಾತಾನೇ. ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡ್ಕೊಂಡು ಬಂದ ಹುಡುಗ ಫೋಟೋ ಹೊಡೆದಾಗ ಇದ್ದಿದ್ದು ರಾಗಿ, ಅದನ್ನ ಕುಯ್ದು ಹೂವು ಹಾಕಿದ್ದು ಆಮೇಲೆ, ಆ್ಯಪಲ್ಲಿ ಮಾತ್ರ ಇನ್ನೂ ರಾಗಿ ತೂಗಾಡ್ತಿತ್ತು. ಗುತ್ತಿಗೆಗೆ ಮಾಡಿದೋನ ಕತೆ ಕೇಳ್ಲೇಬೇಡಿ. ಗಿಡ ಹಚ್ಚಿ, ಔಷಧಿ ಹೊಡೆದು, ಕೂಲಿ ಕೊಟ್ಟು ಬಿಡಿಸಿ, ಕೊನೆಗೆ ತಿಪ್ಪೆಗೆ ಸುರಿದೋನು ಅವನು, ದುಡ್ಡು ಬಂತು ಅಂತ ಮೆಸೇಜ್ ಬರೋದು ಬೆಂಗಳೂರಲ್ಲಿರೋ ಓನರ್ ಫೋನಿಗೆ.

2020ರ ಲಾಕ್‌ಡೌನ್ ಶುರು ಆಗಿದ್ದೇ ಯುಗಾದಿ ದಿನ, ಮಾರ್ಚ್ 25. ಯುಗಾದಿ, ರಾಮನವಮಿ, ಮದುವೆ ಸೀಸನ್ ಅಂತ ದಿನ ಲೆಕ್ಕ ಹಾಕಿ ಗಿಡ ಹಚ್ಚಿದ್ದು ಹೊಲದಲ್ಲೇ ಬಾಡ್ತು. 2021ರ ಏಪ್ರಿಲ್ 27ಕ್ಕೆ ಮತ್ತೆ ಬೀಗ, ಮತ್ತೆ ಅದೇ ಮದುವೆ ಸೀಸನ್. ಎರಡು ವರ್ಷದ ದುಡಿಮೆ ಮಣ್ಣಾಯ್ತು ಕಣ್ರೀ. ಖಜಾನೇಲಿ ಇಲ್ಲ ಅಂದ್ರೆ ಇಲ್ಲ ಅಂತ ಹೇಳಿ, ಜನ ಅದನ್ನೂ ತಡ್ಕೋತಾರೆ, ಬೇಡ ಅನ್ನೋಕಾಗದ ಇಸ್ಕೊಳ್ಳೋಕೆ ನಾಚಿಕೆ ಆಗೋ ದುಡ್ಡು ಕೊಟ್ಟು ಚಪ್ಪಾಳೆ ಯಾಕೆ ಕೇಳ್ತೀರಿ. ಸಾಕಾಗಿದೆ.

ಅರ್ಜಿ ಹಾಕೋರು ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ರೆಡಿ ಇಟ್ಕೋಬೇಕಿತ್ತು. ಬಸ್ಸಿರ್ಲಿಲ್ಲ, ಬೈಕಲ್ಲೇ ಹೋಗ್ಬೇಕಿತ್ತು. ಪೆಟ್ರೋಲು, ಜೆರಾಕ್ಸು, ಪಹಣಿ ಕಾಪಿ ಸೇರಿ ಮೂರು ಗುಂಟೆ ದುಡ್ಡು ಅಲ್ಲೇ ಹೋಗ್ತಿತ್ತು, ದಾರೀಲಿ ಪೊಲೀಸ್ನೋರು ಮಾಸ್ಕ್ ಮೂಗಿಂದ ಕೆಳಗಿದೆ ಅಂದ್ರೆ ಇನ್ನೊಂದೆರಡು ಗುಂಟೆ.