'ಡಿಲ್ಬರ್ಟ್' ಕಾರ್ಟೂನ್ ಸರಣಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲೇ ಇಲ್ಲ

ಆಫೀಸ್ ಕಾಮಿಡಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು 'ದಿ ಆಫೀಸ್'. ಬ್ರಿಟಿಷ್ ಆವೃತ್ತಿ 2001ರಲ್ಲಿ ಬಂತು, ಅಮೆರಿಕದ್ದು 2005ರಲ್ಲಿ. ಎರಡೂ ಒಳ್ಳೆಯವೇ, ಜಗಳವಿಲ್ಲ. ಆದರೆ ಇವೆರಡಕ್ಕೂ ಮುಂಚೆ, 1999ರ ಜನವರಿ 25ರಂದು ಅಮೆರಿಕದ ಯುಪಿಎನ್ ಚಾನೆಲ್‌ನಲ್ಲಿ ಶುರುವಾದ 'ಡಿಲ್ಬರ್ಟ್' ಅನ್ನೋ ಅನಿಮೇಷನ್ ಸರಣಿಯನ್ನು ಯಾರೂ ನೆನೆಯುವುದಿಲ್ಲ. ನೆನೆದರೂ "ಓ, ಆ ಪೇಪರಿನಲ್ಲಿ ಬರ್ತಿದ್ದ ಕಾರ್ಟೂನಾ?" ಅಂತ ಕೇಳಿ ಸುಮ್ಮನಾಗುತ್ತಾರೆ. ಎರಡೇ ಸೀಸನ್, ಒಟ್ಟು 30 ಎಪಿಸೋಡ್, 2000ದ ಜುಲೈಗೆ ಮುಗಿದೇಹೋಯಿತು. ಕೆಲಸ ಮಾಡುವ ಮನುಷ್ಯನ ಬಗ್ಗೆ ಟಿವಿಯಲ್ಲಿ ಬಂದ ಅತ್ಯಂತ ಪ್ರಾಮಾಣಿಕವಾದ ಕಾಮಿಡಿ ಇದು ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಡಿಲ್ಬರ್ಟ್ ಮೊದಲು ಪತ್ರಿಕೆಯ ಕಾಮಿಕ್ ಸ್ಟ್ರಿಪ್. 1989ರ ಏಪ್ರಿಲ್‌ನಲ್ಲಿ ಶುರುವಾಯಿತು. ಬರೆಯುತ್ತಿದ್ದ ಸ್ಕಾಟ್ ಆಡಮ್ಸ್ ಆಗ ಪೆಸಿಫಿಕ್ ಬೆಲ್ ಎಂಬ ಟೆಲಿಫೋನ್ ಕಂಪನಿಯ ನೌಕರ. ಸ್ಟ್ರಿಪ್ ಹೆಸರು ಮಾಡಿದ ಮೇಲೂ 1995ರವರೆಗೆ ಅಲ್ಲೇ ಕೆಲಸದಲ್ಲಿದ್ದರು. 1993ರಲ್ಲಿ ತಮ್ಮ ಇಮೇಲ್ ವಿಳಾಸವನ್ನು ಸ್ಟ್ರಿಪ್‌ನಲ್ಲೇ ಅಚ್ಚು ಹಾಕಿಸಿದರು. ಓದುಗರು ತಮ್ಮ ತಮ್ಮ ಆಫೀಸಿನ ಗೋಳನ್ನೆಲ್ಲ ಬರೆದು ಕಳಿಸತೊಡಗಿದರು. ಹಾಗಾಗಿ ಇದರ ಬೇರು ನಿಜವಾದ ಮೀಟಿಂಗುಗಳಲ್ಲಿ, ನಿಜವಾದ ಕ್ಯುಬಿಕಲ್‌ಗಳಲ್ಲಿ (ಆಫೀಸಿನಲ್ಲಿ ಅಡ್ಡಗೋಡೆ ಹಾಕಿ ಮಾಡಿದ ಪುಟ್ಟ ಗೂಡುಗಳಲ್ಲಿ) ಇದೆ. ಟಿವಿಗೆ ತರುವಾಗ ಜೊತೆಯಾದವರು 'ಸೈನ್‌ಫೆಲ್ಡ್' ಎಂಬ ಹೆಸರಾಂತ ಟಿವಿ ಕಾಮಿಡಿಯ ತಂಡದಲ್ಲಿ ಬರೆಯುತ್ತಿದ್ದ ಲ್ಯಾರಿ ಚಾರ್ಲ್ಸ್. ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಕಥಾನಾಯಕ ಡಿಲ್ಬರ್ಟ್‌ಗೆ ಡೇನಿಯಲ್ ಸ್ಟರ್ನ್ ದನಿ, ಅವನ ಮನೆಯ ಮಹಾ ಕಿಲಾಡಿ ನಾಯಿ ಡಾಗ್‌ಬರ್ಟ್‌ಗೆ ಕ್ರಿಸ್ ಎಲಿಯಟ್ ದನಿ. ಶೀರ್ಷಿಕೆಯ ಸಂಗೀತ ಡ್ಯಾನಿ ಎಲ್ಫ್‌ಮನ್ ಅವರದು. ಟೈಟಲ್ ವಿನ್ಯಾಸಕ್ಕೆ 1999ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು. ಇಷ್ಟೆಲ್ಲ ಇದ್ದೂ ಮರೆತುಹೋಯಿತು.

ಈ ಸರಣಿಯ ಮೇಲಿರುವ ದೊಡ್ಡ ದೂರು, ಇದು ಬರೀ ಸಿನಿಕತನ, ಎಲ್ಲದರಲ್ಲೂ ಕೊಂಕು ಹುಡುಕುತ್ತದೆ ಅನ್ನೋದು. ನಾನು ಇದನ್ನು ಒಪ್ಪುವುದಿಲ್ಲ. ಡಿಲ್ಬರ್ಟ್ ತನ್ನ ಕೆಲಸವನ್ನು ಪ್ರೀತಿಸುತ್ತಾನೆ. ಒಂದು ವಸ್ತುವನ್ನು ಬಿಚ್ಚಿ, ಅರ್ಥ ಮಾಡಿಕೊಂಡು, ಇನ್ನೂ ಚೆನ್ನಾಗಿ ಕಟ್ಟಬೇಕು ಅನ್ನೋ ಆಸೆ ಅವನಲ್ಲಿ ಯಾವತ್ತೂ ಸಾಯುವುದಿಲ್ಲ. ನಗು ಹುಟ್ಟುವುದು ಆ ಆಸೆಗೂ ಆಫೀಸಿಗೂ ಆಗುವ ಡಿಕ್ಕಿಯಲ್ಲಿ. ಕೆಲಸದ ಮೇಲೆ ಪ್ರೀತಿಯೇ ಇಲ್ಲದವರು ಬರೆದಿದ್ದರೆ ಅದು ಸೋಮಾರಿಗಳ ತಮಾಷೆಯಾಗಿ ಉಳಿಯುತ್ತಿತ್ತು, ಅಷ್ಟೆ.

'ದಿ ನ್ಯಾಕ್' (ಅಂದರೆ ಕೈಗುಣ) ಎಂಬ ಎಪಿಸೋಡ್ ತೆಗೆದುಕೊಳ್ಳಿ. ಅದರಲ್ಲಿ ಡಿಲ್ಬರ್ಟ್‌ನ ಬಾಲ್ಯದ ದೃಶ್ಯವೊಂದಿದೆ. ಅಮ್ಮ ಪುಟ್ಟ ಹುಡುಗನನ್ನು ಡಾಕ್ಟರ ಹತ್ತಿರ ಕರೆತಂದಿದ್ದಾಳೆ. ಒಂದು ಕ್ಷಣ ಬಿಟ್ಟುಹೋದದ್ದಕ್ಕೆ ಗಡಿಯಾರ, ಟಿವಿ, ಸ್ಟೀರಿಯೊ ಎಲ್ಲ ಬಿಚ್ಚಿಹಾಕಿದ್ದಾನೆ ಅಂತ ದೂರುತ್ತಾಳೆ. ಮಕ್ಕಳು ಬಿಚ್ಚುವುದು ಸಹಜ, ಚಿಂತೆ ಬೇಡ ಅಂತಾರೆ ಡಾಕ್ಟರು. ಆಗ ಅಮ್ಮ ನಿಜವಾದ ಭಯ ಹೊರಗೆಡಹುತ್ತಾಳೆ: ಆ ಬಿಡಿಭಾಗಗಳನ್ನೆಲ್ಲ ಸೇರಿಸಿ ಅವನು ಹ್ಯಾಮ್ ರೇಡಿಯೊ (ಹವ್ಯಾಸಿಗಳು ದೂರದವರೊಡನೆ ಮಾತಾಡಲು ಬಳಸುವ ರೇಡಿಯೊ) ಕಟ್ಟಿದ್ದಾನೆ! ಡಾಕ್ಟರ ಮುಖ ಗಂಭೀರವಾಗುತ್ತದೆ. ದೊಡ್ಡ ಕಾಯಿಲೆಯ ಸುದ್ದಿ ತಿಳಿಸುವ ದನಿಯಲ್ಲೇ, ನಿಮ್ಮ ಮಗ ಎಲ್ಲರ ಹಾಗೆ ಬದುಕಲಾರ, ಎಂಜಿನಿಯರ್ ಆಗುತ್ತಾನೆ ಅಂತ ಹೇಳಿಬಿಡುತ್ತಾರೆ. ಅಮ್ಮ ಅಳತೊಡಗುತ್ತಾಳೆ. ಈ ತುಣುಕನ್ನು ಎಂಜಿನಿಯರುಗಳು ಇವತ್ತಿಗೂ ಒಬ್ಬರಿಗೊಬ್ಬರು ಕಳಿಸಿಕೊಂಡು ನಗುತ್ತಾರೆ. ಅದು ಒಂದು ಸರಣಿಯ ಭಾಗ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪೂರ್ತಿ ಎಪಿಸೋಡ್ ನೋಡಿದರೆ ಆ ದೃಶ್ಯದ ತೂಕವೇ ಬೇರೆ. ಡಿಲ್ಬರ್ಟ್ ಅಪ್ಪಿತಪ್ಪಿ ಬಾಸ್‌ನ ಕಪ್‌ನಲ್ಲಿ ಕುಡಿದುಬಿಡುತ್ತಾನೆ. ಮ್ಯಾನೇಜರ್‌ತನ ಸೋಂಕಿನ ಹಾಗೆ ತಗುಲಿಕೊಂಡು ಕೈಗುಣವೇ ಹೊರಟುಹೋಗುತ್ತದೆ. ಅವನ ಎಡವಟ್ಟಿನಿಂದ ಜಗತ್ತೇ ಕತ್ತಲ ಯುಗಕ್ಕೆ ಜಾರುತ್ತದೆ. ನಗುತ್ತಾ ನಗುತ್ತಾ ಒಳಗೆ ಎಲ್ಲೋ ಚುರುಕ್ ಅನ್ನುತ್ತದೆ. ಕೆಲಸ ಬಲ್ಲವನನ್ನು ಬಡ್ತಿಯ ಹೆಸರಿನಲ್ಲಿ ಮೀಟಿಂಗುಗಳಿಗೆ ಅಟ್ಟಿ, ಅವನ ಕಸುಬು ತುಕ್ಕು ಹಿಡಿಯುವುದನ್ನು ಕಣ್ಣಾರೆ ಕಂಡವರಿಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಮೊದಲ ಸೀಸನ್‌ನ ಉದ್ದಕ್ಕೂ 'ಗ್ರಂಟ್‌ಮಾಸ್ಟರ್ 6000' ಅನ್ನೋ ಒಂದು ಉತ್ಪನ್ನದ ಕಥೆ ಸಾಗುತ್ತದೆ. ಮೊದಲ ಎಪಿಸೋಡಿನ ಹೆಸರೇ 'ದಿ ನೇಮ್'. ವಸ್ತು ಏನು, ಯಾರಿಗೆ, ಯಾತಕ್ಕೆ, ಯಾವುದೂ ತೀರ್ಮಾನವಾಗಿಲ್ಲ. ಆದರೆ ಹೆಸರು ಮೊದಲು ಬೇಕು! ಸೀಸನ್ನಿನ ಕೊನೆಯಲ್ಲಿ, ಸರಿಯಾಗಿ ಪರೀಕ್ಷೆಯೂ ಆಗದ ಅದೇ ವಸ್ತುವಿಗೆ ಟಿವಿ ಜಾಹೀರಾತು ಸಿದ್ಧವಾಗುತ್ತದೆ. ಈ ಎರಡು ತುದಿಗಳ ನಡುವೆ ನಾಲ್ಕು ಜನ ನಿಜವಾಗಿ ಏನೋ ಒಂದನ್ನು ಮಾಡಲು ಒದ್ದಾಡುತ್ತಾರೆ. ಹೆಸರು ಮೊದಲು, ಘೋಷಣೆ ಆಮೇಲೆ, ಗಡುವು ಅದರ ಬೆನ್ನಿಗೆ, ಕೆಲಸ ಎಲ್ಲಕ್ಕಿಂತ ಕೊನೆಗೆ. ಈ ತಲೆಕೆಳಗಾದ ಕ್ರಮವನ್ನು ಇಷ್ಟು ನಿಖರವಾಗಿ, ಹದಿಮೂರು ಎಪಿಸೋಡುಗಳ ತನಕ ತಾಳ್ಮೆಯಿಂದ ತೋರಿಸಿದ ಇನ್ನೊಂದು ಕಾಮಿಡಿಯನ್ನು ನಾನು ಕಂಡಿಲ್ಲ.

ಇದು ಅನಿಮೇಷನ್ ಆಗಿದ್ದರಿಂದಲೇ ಸಾಧ್ಯವಾದ ಸಂಗತಿಗಳೂ ಇವೆ. 'ಲಿಟ್ಲ್ ಪೀಪಲ್' ಎಪಿಸೋಡಿನಲ್ಲಿ, ಸಿಬ್ಬಂದಿ ಕಡಿತಕ್ಕೆ ಸಿಕ್ಕಿದವರು ನಿಜವಾಗಿಯೇ ಬೆರಳುದ್ದದ ಮನುಷ್ಯರಾಗಿ ಕುಗ್ಗಿ, ಅದೇ ಕಟ್ಟಡದ ಸಂದುಗೊಂದುಗಳಲ್ಲಿ ಬದುಕುತ್ತಿರುತ್ತಾರೆ. ಕೆಲಸ ಕಳೆದುಕೊಂಡವರು ಎಲ್ಲಿಗೆ ಹೋದರು ಅಂತ ಆಫೀಸಿನಲ್ಲಿ ಉಳಿದವರು ಯಾರೂ ಕೇಳುವುದಿಲ್ಲವಲ್ಲ, ಆ ಪ್ರಶ್ನೆಯನ್ನು ಈ ಎಪಿಸೋಡ್ ಕೇಳುತ್ತದೆ. ನಟರನ್ನಿಟ್ಟು ತೆಗೆದಿದ್ದರೆ ಇದು ಒಂದೋ ಗೋಳಾಟ ಆಗುತ್ತಿತ್ತು, ಇಲ್ಲವೇ ಬರೀ ಗ್ರಾಫಿಕ್ಸ್ ಆಟ ಆಗುತ್ತಿತ್ತು. ಎರಡನೇ ಸೀಸನ್ನಿನ 'ದಿ ವರ್ಚುವಲ್ ಎಂಪ್ಲಾಯಿ' ಕೂಡ ಅಷ್ಟೇ ಸೊಗಸು. ಖಾಲಿ ಬಿದ್ದ ಒಂದು ಕ್ಯುಬಿಕಲ್ ಕೈತಪ್ಪಬಾರದು ಅಂತ ಎಂಜಿನಿಯರುಗಳು ಟಾಡ್ ಎಂಬ ಇಲ್ಲದ ನೌಕರನನ್ನು ದಾಖಲೆಯಲ್ಲಿ ಸೃಷ್ಟಿಸುತ್ತಾರೆ. ಕಾಗದದ ಮೇಲೆ ಇದ್ದರೆ ಸಾಕು, ಆ ಮನುಷ್ಯ ಇದ್ದಾನೆ ಅಂತಲೇ ವ್ಯವಸ್ಥೆ ನಂಬಿಬಿಡುತ್ತದೆ.

ಆದರೆ ನನ್ನ ಮಟ್ಟಿಗೆ ಸರಣಿಯ ಎದೆಗಾರಿಕೆ ಇರುವುದು 'ದಿ ಕಾಂಪಿಟಿಷನ್' ಎಪಿಸೋಡಿನಲ್ಲಿ. ಡಿಲ್ಬರ್ಟ್‌ಗೆ ನಿರ್ವಾಣ ಅನ್ನೋ ಪ್ರತಿಸ್ಪರ್ಧಿ ಕಂಪನಿಯಲ್ಲಿ ಕೆಲಸ ಸಿಗುತ್ತದೆ. ಅಲ್ಲಿ ಎಲ್ಲವೂ ಸರಿ ಇದೆ, ನೌಕರರನ್ನು ಮನುಷ್ಯರ ಹಾಗೆ ನೋಡುತ್ತಾರೆ. ಹಳೇ ಕಂಪನಿಯ ರೀತಿರಿವಾಜು ಅಂಟಿಸಿಕೊಂಡು ಬಂದ ಡಿಲ್ಬರ್ಟ್‌ನಿಂದಲೇ ಆ ಜಾಗ ಹಾಳಾಗುತ್ತದೆ. ಬಾಸ್ ಕೆಟ್ಟವನು, ನಾವೆಲ್ಲ ಒಳ್ಳೆಯವರು ಅಂತ ಹೇಳಿದ್ದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಈ ಸರಣಿ ಆ ಸುಲಭದ ದಾರಿ ಹಿಡಿಯಲಿಲ್ಲ. ವರ್ಷಗಟ್ಟಲೆ ಅರ್ಥವಿಲ್ಲದ ವ್ಯವಸ್ಥೆಯಲ್ಲಿ ಬೆಂದವನು ಅದನ್ನು ಮೈಗೂಡಿಸಿಕೊಂಡಿರುತ್ತಾನೆ ಅಂತ ನಾಯಕನನ್ನೇ ಮುಂದಿಟ್ಟು ಹೇಳಿತು. ಆಮೇಲೆ ಬಂದ ಆಫೀಸ್ ಕಾಮಿಡಿಗಳಲ್ಲಿ ಸಹೋದ್ಯೋಗಿಗಳೇ ಕುಟುಂಬವಾಗುತ್ತಾರೆ, ಪ್ರೀತಿ ಹುಟ್ಟುತ್ತದೆ, ಮದುವೆಯಾಗುತ್ತದೆ, ಕಣ್ಣು ತುಂಬಿಬರುತ್ತದೆ. ಇಲ್ಲಿ ಆ ಸಮಾಧಾನವಿಲ್ಲ. ಜನ ಇದರಿಂದ ದೂರ ಉಳಿದದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಡಿಲ್ಬರ್ಟ್‌ನ ಸಹೋದ್ಯೋಗಿ ಆಲಿಸ್ ಬಗ್ಗೆ ಹೇಳದಿದ್ದರೆ ಅನ್ಯಾಯ. ತಂಡದಲ್ಲಿ ಅತಿ ಹೆಚ್ಚು ದುಡಿಯುವವಳು ಅವಳು, ಅತಿ ಕಡಿಮೆ ಮನ್ನಣೆ ಸಿಗುವುದೂ ಅವಳಿಗೇ. ಆ ಸಿಟ್ಟಿಗೆ ಕ್ಯಾಥಿ ಗ್ರಿಫಿನ್ ಕೊಟ್ಟ ದನಿ ಇವತ್ತು ಕೇಳಿದರೂ ಹಳತಾಗಿಲ್ಲ.

ಸರಣಿ ಮುಳುಗಿದ್ದಕ್ಕೆ ಕಾಲವೂ ಕಾರಣ. ಇದು ಶುರುವಾದ ಒಂದು ವಾರಕ್ಕೆ 'ಫ್ಯಾಮಿಲಿ ಗೈ', ಎರಡು ತಿಂಗಳಿಗೆ 'ಫ್ಯೂಚರಾಮ' ಬಂದವು, ಎರಡೂ ಫಾಕ್ಸ್ ಎಂಬ ದೊಡ್ಡ ಚಾನೆಲ್‌ನಲ್ಲಿ. ಯುಪಿಎನ್ ಚಿಕ್ಕ ಚಾನೆಲ್. 2006ರಲ್ಲಿ ಅದೇ ಮುಚ್ಚಿಹೋಯಿತು. ಮುಂದೆ 2023ರ ಫೆಬ್ರವರಿಯಲ್ಲಿ ಕಪ್ಪು ಜನರ ಬಗ್ಗೆ ಆಡಮ್ಸ್ ಆಡಿದ ಮಾತಿಗಾಗಿ ಅಮೆರಿಕದ ನೂರಾರು ಪತ್ರಿಕೆಗಳು ಸ್ಟ್ರಿಪ್ ಕೈಬಿಟ್ಟವು. ಆ ಮಾತು ಹೇಯವಾದದ್ದು, ಸಮರ್ಥನೆಗೆ ಜಾಗವೇ ಇಲ್ಲ. ಡಿಲ್ಬರ್ಟ್ ಹೆಸರೇ ಬೇಡ ಅನ್ನುವವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಈ ಸರಣಿ ಒಬ್ಬರ ಕೈಯಿಂದ ಆದದ್ದಲ್ಲ. ಅದನ್ನು ಬರೆದ, ಬಿಡಿಸಿದ, ದನಿ ಕೊಟ್ಟ ಅಷ್ಟೂ ಜನರ ದುಡಿಮೆಯನ್ನು ಒಬ್ಬರ ತಪ್ಪಿನ ಜೊತೆ ಹೂತುಬಿಡುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಕುಂದುಗಳಿಲ್ಲ ಅನ್ನುತ್ತಿಲ್ಲ. ಕೆಸರಿನಲ್ಲೇ ಬದುಕುವ ಎಲ್ಬೋನಿಯ ಅನ್ನೋ ಕಾಲ್ಪನಿಕ ಬಡದೇಶವನ್ನು ಇಟ್ಟುಕೊಂಡು ಮಾಡುವ ಹಾಸ್ಯ ನನಗೆ ಹಿಡಿಸುವುದಿಲ್ಲ. ಬಡತನವನ್ನೇ ನಗೆಪಾಟಲು ಮಾಡುವುದು ಇಷ್ಟು ಬುದ್ಧಿವಂತ ಬರವಣಿಗೆಗೆ ತಕ್ಕದ್ದಲ್ಲ. ಭಾರತೀಯ ಇಂಟರ್ನ್ ಅಶೋಕ್ ಪಾತ್ರಕ್ಕೂ ಇನ್ನಷ್ಟು ಜಾಗ ಸಿಗಬೇಕಿತ್ತು. ಎರಡನೇ ಸೀಸನ್ ಅಲ್ಲಲ್ಲಿ ಹಳಿ ತಪ್ಪುತ್ತದೆ, ಡಿಲ್ಬರ್ಟ್ ಗರ್ಭಿಣಿಯಾಗುವ ಕಥೆಯಲ್ಲಂತೂ ಆಫೀಸೇ ಮರೆಯಾಗುತ್ತದೆ. ಅದೇ ಸೀಸನ್ನಿನ 'ಆರ್ಟ್' ಮಾತ್ರ ತಪ್ಪಿಸಬೇಡಿ. ಯಾರಿಗೂ ಬೇಡ ಅನ್ನಿಸದಂತೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಾಡಿದ ನೀಲಿ ಬಾತುಕೋಳಿಯ ಚಿತ್ರಕ್ಕೆ ಜನ ಮುಗಿಬೀಳುತ್ತಾರೆ. ಇಪ್ಪತ್ತೈದು ವರ್ಷಗಳ ಹಿಂದಿನ ಆ ಕಥೆ ಇವತ್ತು ಬರೆದ ಹಾಗಿದೆ.

ನೋಡುವುದಾದರೆ 'ದಿ ನ್ಯಾಕ್'ನಿಂದ ಶುರುಮಾಡಿ. ಹಿಡಿಸಿದರೆ ಮೊದಲ ಸೀಸನ್ನನ್ನು 'ದಿ ನೇಮ್'ನಿಂದ ಸಾಲಾಗಿ ನೋಡಿಕೊಂಡು ಬನ್ನಿ, ಬಿಡಿಬಿಡಿಯಾಗಿ ನೋಡಿದರೆ ಗ್ರಂಟ್‌ಮಾಸ್ಟರ್ ಕಥೆಯ ಎಳೆ ಸಿಗುವುದಿಲ್ಲ. 'ವೈಟುಕೆ' (2000ನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪಾಗಿ ಓದಿ ಕೆಡುತ್ತವೆ ಅನ್ನೋ ಆಗಿನ ಭಯ) ಎಪಿಸೋಡಿಗೆ ಬಂದಾಗ ಡಿಲ್ಬರ್ಟ್‌ನ ಸಹೋದ್ಯೋಗಿ ವಾಲಿಯನ್ನು ಗಮನವಿಟ್ಟು ನೋಡಿ. ಕಂಪನಿಯ ಹಳೇ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಒಂದು ಕಾಲದಲ್ಲಿ ಪ್ರೋಗ್ರಾಂ ಬರೆದವನು, ಈಗ ಕೈಯಲ್ಲಿ ಕಾಫಿ ಕಪ್ ಹಿಡಿದು ಏನೂ ಮಾಡದೆ ತಿರುಗುವ ಇದೇ ಮನುಷ್ಯ.