ಹಳೆ ಹಾಡು ಗೆದ್ದರೆ ಬೇಸರ ಯಾಕೆ?

ಬ್ರಿಟನ್ನಿನಲ್ಲಿ ವಾರವಾರವೂ ಹೆಚ್ಚು ಮಾರಾಟವಾದ, ಹೆಚ್ಚು ಕೇಳಿದ ಹಾಡುಗಳ ಪಟ್ಟಿ ಬರುತ್ತದಲ್ಲ, ಅದರಲ್ಲಿ ಹಳೆ ಹಾಡುಗಳು ಮತ್ತೆ ಮೇಲೆ ಬಂದು ಹೊಸಬರ ಜಾಗ ಕಿತ್ತುಕೊಳ್ಳುತ್ತಿವೆ ಎಂದು ಬರೆದಿದ್ದೀರಿ. ನಾನು ಇದನ್ನು ಒಪ್ಪುವುದಿಲ್ಲ.

ಬ್ರಿಟನ್ನಿನ ಗಾಯಕಿ ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' ತೆಗೆದುಕೊಳ್ಳಿ. 1985ರಲ್ಲಿ ಬಂದಾಗ ಮೂರನೇ ಸ್ಥಾನದಲ್ಲೇ ನಿಂತಿತ್ತು. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸರಣಿಯಲ್ಲಿ ಕೇಳಿಸಿತು, 37 ವರ್ಷದ ಮೇಲೆ ನಂಬರ್ ಒನ್ ಆಯಿತು. ಸುಮ್ನೆ ಸಿಕ್ಕಿದ್ದಲ್ಲ ಅದು. ಅಲ್ಲಿ ಮೂರು ವರ್ಷಕ್ಕಿಂತ ಹಳೆಯ ಹಾಡಿಗೆ ಸಾಮಾನ್ಯವಾಗಿ ಸ್ಟ್ರೀಮಿಂಗ್ ಲೆಕ್ಕ, ಅಂದರೆ ಆನ್‌ಲೈನ್‌ನಲ್ಲಿ ಕೇಳಿದ್ದನ್ನು ಮಾರಾಟವಾಗಿ ಎಣಿಸುವ ಲೆಕ್ಕ, ಅರ್ಧಕ್ಕೆ ಇಳಿಯುತ್ತದೆ. ದುಡ್ಡು ಕಟ್ಟಿ ಕೇಳುವವರು ಹೊಸ ಹಾಡನ್ನು 100 ಸಲ ಕೇಳಿದರೆ ಒಂದು ಮಾರಾಟ, ಹಳೆಯದನ್ನು 200 ಸಲ ಕೇಳಬೇಕು. ಈ ಹಾಡಿಗೆ ಜನ ಮುಗಿಬಿದ್ದದ್ದು ನೋಡಿ ಪಟ್ಟಿ ಮಾಡುವವರು ಇದಕ್ಕೆ ಆ ನಿಯಮವನ್ನೇ ಸಡಿಲಿಸಿದರು.

ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ ಶುರುವಿನಿಂದ ಕೊನೆತನಕ ಕುದುರೆ ಓಟದ ಹಾಗೆ ಓಡುತ್ತಲೇ ಇರುತ್ತದೆ. ಅದರ ಮೇಲೆ ಆ ದನಿ ಏರುತ್ತಾ ಹೋಗುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಮೊದಲ ಸಲ ಕೇಳಿದ ಹದಿನಾರರ ಹುಡುಗಿಗೆ ಅದು ಹೊಸ ಹಾಡೇ ಅಲ್ವಾ?

ವ್ಯಾಮ್ ತಂಡದ 'ಲಾಸ್ಟ್ ಕ್ರಿಸ್‌ಮಸ್' ಕೂಡ ಹಾಗೆಯೇ. 1984ರ ಹಾಡು, ಮೊದಲ ಸಲ ತುದಿ ಮುಟ್ಟಿದ್ದು 2021ರ ಜನವರಿಯಲ್ಲಿ. ಆ ಹೊತ್ತಿಗೆ ಅದನ್ನು ಹಾಡಿದ ಜಾರ್ಜ್ ಮೈಕಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರು ಇದನ್ನು ನೋಡಬೇಕಿತ್ತು ಅಂತ ತುಂಬಾ ಅನ್ನಿಸುತ್ತದೆ.

ಹೊಸಬರಿಗೆ ಜಾಸ್ತಿ ಅಡ್ಡಿಯಾದದ್ದು ಬೇರೆ. 2017ರ ಮಾರ್ಚ್‌ನಲ್ಲಿ ಗಾಯಕ ಎಡ್ ಶೀರನ್ ಅವರ ಒಂದೇ ಆಲ್ಬಮ್ಮಿನ 16 ಹಾಡುಗಳು ಮೊದಲ 20ರಲ್ಲಿ ಕೂತಿದ್ದವು. ಪಟ್ಟಿಯಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮೂರೇ ಹಾಡು ಎಂಬ ಮಿತಿ ಬಂದದ್ದು ಅದಾದ ಮೇಲೆ. ಅದರ ಬಗ್ಗೆಯೂ ಬರೆಯಿರಿ.