ಇಳಿದ ಗಾಜು

ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ ಕಾರಿನ ಕಿಟಕಿ ತೆಗೆಯಬೇಡಿ ಅಂತ ಎಲ್ಲೂ ಬೋರ್ಡು ಹಾಕಿಲ್ಲ. ಹಾಕಬೇಕಿತ್ತು. ಆಷಾಢದ ಮಳೆ ಒಂದು ಗಳಿಗೆ ಬಿಟ್ಟಿತ್ತು. ರಸ್ತೆ ಪಕ್ಕ ಕೆಟ್ಟು ನಿಂತ ಟ್ಯಾಂಕರಿನ ಕ್ಲೀನರ್ ಕೈಬೀಸಿ ಏನೋ ಹೇಳಿದ. ಕೇಳೋಣ ಅಂತ ಗಾಜು ಇಳಿಸಿದೆ. "ಏನಿಲ್ಲ, ನಿಧಾನ ಹೋಗಿ" ಅಂದ. ನಿಧಾನವಾಗಿಯೇ ಹೋಗುತ್ತಿದ್ದೆನಲ್ಲ ಮಾರಾಯ! ಗಾಜು ಮಾತ್ರ ಮತ್ತೆ ಏರಲಿಲ್ಲ. ಸ್ವಿಚ್ ಎಳೆದರೆ ಬಾಗಿಲೊಳಗೆ ಮೋಟರ್ ಗರ್ರೆನ್ನುತ್ತದೆ, ಗಾಜು ಜಪ್ಪಯ್ಯ ಅಂದರೂ ಕದಲದು. ಮಳೆ ವಾಪಸು ಬಂತು, ನೇರ ನನ್ನ ಬಲಗಿವಿಗೆ.

ಇಂಥ ಹೊತ್ತಿನಲ್ಲಿ ಕಾರಿನಲ್ಲಿದ್ದವರೆಲ್ಲ ಪಂಡಿತರಾಗಿಬಿಡುತ್ತಾರೆ. ಭಾವನದು ಫ್ಯೂಸಿನ ಪಕ್ಷ. ಫ್ಯೂಸ್ ಹೋದ ಮೇಲೂ ಮೋಟರ್ ಹೇಗೆ ಕೂಗುತ್ತೆ ಅಂದರೆ, "ಅರ್ಧ ಹೋಗಿರತ್ತೆ" ಅಂತಾನೆ. ಹಿಂದಿನ ಸೀಟಿನಿಂದ "ಆಫ್ ಮಾಡಿ ಆನ್ ಮಾಡಿ" ಅನ್ನುವ ಈ ಕಾಲದ ತಾರಕ ಮಂತ್ರ. ಗುಂಡ್ಯ ತಲುಪಿ ನಮ್ಮ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸದ್ದು ಬರ್ತಿದ್ಯಾ?" ಸದ್ದೇ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು, ಇಲ್ಲವೇ ಬಾಗಿಲ ಸಂದಿನ ರಬ್ಬರ್ ಕೊಳವೆಯೊಳಗೆ ತೆಗೆದು ಹಾಕಿ ತೆಗೆದು ಹಾಕಿ ತುಂಡಾದ ವೈರು. ಸದ್ದಿಲ್ಲ, ಆದರೆ ಸ್ವಿಚ್ ಒತ್ತಿದಾಗ ಒಳಗಿನ ದೀಪ ಚೂರು ಮಂಕಾಗುತ್ತದೆ ಅಂದರೆ ಮೋಟರಿಗೆ ಕರೆಂಟ್ ಹೋಗುತ್ತಿದೆ, ಅದು ಹಿಡಿದುಕೊಂಡಿದೆ. ಸ್ವಿಚ್ ಒತ್ತಿಕೊಂಡೇ ಬಾಗಿಲಿಗೆ ನಾಲ್ಕು ಗುದ್ದು ಕೊಟ್ಟರೆ ಕೆಲವು ಸಲ ಎಚ್ಚರಾಗುತ್ತದೆ. "ನಿಮ್ದು ಸದ್ದು ಜೋರಾಗೇ ಇದೆಯಲ್ಲ, ಮೋಟರ್ ಗಟ್ಟಿ. ಗಾಜು ಏರಿಸಿ ಇಳಿಸೋ ರೆಗ್ಯುಲೇಟರ್ ಹೋಗಿದೆ. ಒಳಗಿಂದ ಒಬ್ರು ಹೊರಗಿಂದ ಒಬ್ರು ಅಂಗೈ ಒತ್ತಿ ಗಾಜು ಮೇಲೆ ತನ್ನಿ, ಟೇಪ್ ಹೊಡೀರಿ." ಗುದ್ದುವ ಭಾಗ ನಮಗೆ ಅನ್ವಯಿಸುವುದಿಲ್ಲ ಎಂದು ತಿಳಿದು ಭಾವನಿಗೆ ಬೇಜಾರಾಯಿತು.

ಹಿಂದೆಲ್ಲ ಹೀಗಿರಲಿಲ್ಲ ಅಂದರೆ ಮನೆಯ ಮಕ್ಕಳು ಮೊಬೈಲಿನಿಂದ ತಲೆ ಕೂಡ ಎತ್ತುವುದಿಲ್ಲ. ಆದರೆ ಹಿಂದೆ ಹೀಗಿರಲಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಬಾಡಿಗೆ ಅಂಬಾಸಡರ್. ದಿಬ್ಬಣದ ಹುಡುಗರು ಕಿಟಕಿಯ ಹಿಡಿಯನ್ನು ಸುಮ್ಮಸುಮ್ಮನೆ ತಿರುಗಿಸುತ್ತಾರೆ ಅಂತ ರೇಗಿ, ಅದರ ಯಜಮಾನರು ನಾಲ್ಕೂ ಬಾಗಿಲ ಹಿಡಿ ಬಿಚ್ಚಿ, ಮೂರನ್ನು ಡಿಕ್ಕಿಗೆಸೆದು, ಒಂದನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಗಾಳಿ ಬೇಕಾದವರು ಅರ್ಜಿ ಹಾಕಿಕೊಳ್ಳಬೇಕು. ಮಂಜೂರಾದರೆ ಹಿಡಿ ಹಿಂದಕ್ಕೆ ಬರುತ್ತದೆ. ಹಲ್ಲಿಗೆ ಹಲ್ಲು ಕೂರಿಸಿ, ಬೇಕಾದಷ್ಟು ಸುತ್ತು ತಿರುಗಿಸಿ, ಒರೆಸಿ ಹಿಂತಿರುಗಿಸಬೇಕು. ಈ ಹಿಡಿಯ ವಿಚಾರದಲ್ಲಿ ನನಗೊಂದು ದೊಡ್ಡ ತತ್ವ ಹೊಳೆದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಆ ಸಲ ಉಡುಪಿಯಲ್ಲಿ ಯಾರದೋ ಉಪನಯನ. ಕಾರಿನೊಳಗೆ ಒಂಬತ್ತು ಜನ. ಹಿಂದಿನ ಎಡಗಿಟಕಿಗೆ ದೊಡ್ಡತ್ತೆ, ಅವರ ತೊಡೆಯ ಮೇಲೆ ನಾನು, ನನ್ನೊಳಗೆ ಬೆಳಗಿನ ಕೊಟ್ಟೆಕಡುಬು. ಆಗುಂಬೆ ಘಾಟಿಗೆ 14 ತಿರುವು. ನಾಲ್ಕನೆಯದಕ್ಕೆ ಮೂಗಿಗೆ ನಿಂಬೆಹಣ್ಣು ಹಿಡಿದರು. ಆರನೆಯದಕ್ಕೆ ದೊಡ್ಡತ್ತೆ, "ಹಿಡಿ ಕೊಡಿ, ಹಿಡಿ!" ಅಂತ ಕೂಗಿದರು. ಯಜಮಾನರ ಎರಡೂ ಕೈ ಸ್ಟೀರಿಂಗ್ ಮೇಲೆ. "ಜೇಬಲ್ಲಿದೆ, ತಗೊಳ್ಳಿ" ಅಂದರು. ಪಕ್ಕದಲ್ಲಿ ಕೂತ ಪುರೋಹಿತರು ಮಡಿಯಲ್ಲಿದ್ದರು, ಕಂಡವರ ಜೇಬಿಗೆ ಕೈಹಾಕುವಂತಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ವಟು ಕೈಹಾಕಿದ. ಮೊದಲು ಬೀಡಿ ಕಟ್ಟು ಬಂತು, ಆಮೇಲೆ ಬಾಚಣಿಗೆ, ಆಮೇಲೆ ಹಿಡಿ. ಅದು ಕೈಯಿಂದ ಕೈಗೆ ದಾಟುತ್ತ ಕಾಲುಗಳ ಕಾಡಿನಲ್ಲಿ ಬಿತ್ತು. ಹುಡುಕಿ, ಕೂರಿಸಿ, ದೊಡ್ಡತ್ತೆ ತಮ್ಮ ಇಡೀ ಬಲ ಹಾಕಿ ತಿರುಗಿಸಿದರು, ಉಲ್ಟಾ. ಇದ್ದ ಎರಡು ಬೆರಳು ಸಂದೂ ಮುಚ್ಚಿಕೊಂಡಿತು. ಮುಂದಿನದನ್ನು ಬರೆಯುವುದಿಲ್ಲ. ಸೋಮೇಶ್ವರ ಮುಟ್ಟಿದ ಮೇಲೆ ಪುರೋಹಿತರು ಮತ್ತೊಮ್ಮೆ ಸ್ನಾನ ಮಾಡಿದರು. ಯಜಮಾನರು ಹಿಡಿಯನ್ನು ತೊಳೆಸಿ ಜೇಬಿಗಿಟ್ಟುಕೊಂಡರು.

2014ರಲ್ಲಿ ಉತ್ತರಪಾಡದ ಕಾರ್ಖಾನೆ ಅಂಬಾಸಡರ್ ತಯಾರಿಸುವುದನ್ನು ನಿಲ್ಲಿಸಿತು ಅಂತ ಓದಿದಾಗ ನನಗೆ ನೆನಪಾದದ್ದು ಕಾರಲ್ಲ, ಆ ಜೇಬು.

ಇರಲಿ. ಟೇಪು ಮೆತ್ತಿಕೊಂಡು ಬೆಂಗಳೂರಿಗೆ ಮರಳಿ ಸರ್ವಿಸ್ ಸೆಂಟರಿಗೆ ಹೋದರೆ, ಟ್ಯಾಬ್ಲೆಟ್ ಹಿಡಿದ ಹುಡುಗ ಬಾಗಿಲನ್ನು ಮುಟ್ಟಿಯೂ ನೋಡದೆ "ಅಸೆಂಬ್ಲಿ ಚೇಂಜ್ ಸರ್" ಅಂದ. ಕಾಫಿ ಕುಡೀತೀರಾ ಅಂತಲೂ ಕೇಳಿದ. ಆ ಕಾಫಿಯ ದುಡ್ಡೂ ಬಿಲ್ಲಿನೊಳಗೆ ಎಲ್ಲೋ ಕೂತಿರುತ್ತದೆ ಅನ್ನುವುದು ಗೊತ್ತಿರುವುದರಿಂದ ಕುಡಿಯದೆ ಎದ್ದು, ನಮ್ಮ ಮೆಕ್ಯಾನಿಕ್ ಹತ್ತಿರವೇ ಹೋದೆ. ಒಳಹಿಡಿಯ ಹಿಂದಿನ ಸ್ಕ್ರೂ, ಕೈಯಿಡುವ ಜಾಗದ ಸ್ಕ್ರೂ ಬಿಚ್ಚಿ, ಅಂಚಿಗೆ ಬೆರಳು ತೂರಿಸಿ ಟಪ್ ಟಪ್ ಅಂತ ಕ್ಲಿಪ್ ಬಿಡಿಸಿ, ಪ್ಯಾನೆಲ್ ಕಳಚಿದ. ಅದರ ಹಿಂದೆ ಕಪ್ಪು ಅಂಟಿನ ಪ್ಲಾಸ್ಟಿಕ್ ಹಾಳೆ. ಆ ಅಂಟು ಈಗಲೂ ನನ್ನ ಅಂಗಿಯ ತೋಳಿನಲ್ಲಿದೆ. ಒಳಗೆ ಉಕ್ಕಿನ ತಂತಿ ಡ್ರಮ್ಮಿನಿಂದ ಬಿಚ್ಚಿಕೊಂಡು ಕಾಗೆಗೂಡಿನ ಹಾಗೆ ಕೆದರಿತ್ತು. ಕಾರಣ, ಗಾಜನ್ನು ಕಚ್ಚಿಕೊಂಡು ಹಳಿಯ ಮೇಲೆ ಜಾರುವ ಒಂದು ಪ್ಲಾಸ್ಟಿಕ್ ತುಂಡು. ಹೆಬ್ಬೆರಳಿನಷ್ಟಿದೆ. ನಡುವೆ ಸೀಳಿದೆ.

"ಇದೊಂದೇ ತರೋಣ" ಅಂದೆ.

"ಬಿಡಿಯಾಗಿ ಬರಲ್ಲ."

ನಂಬದೆ ಜೆ.ಸಿ. ರೋಡಿಗೆ ಹೋಗಿ, ಸಿಕ್ಕ ಅಂಗಡಿಗಳಲ್ಲೆಲ್ಲ ಆ ತುಂಡನ್ನು ಗಲ್ಲಾದ ಮೇಲಿಟ್ಟು ಕೇಳಿದೆ. ಒಬ್ಬ ನಕ್ಕ. ಒಬ್ಬ ಅದನ್ನು ತಿರುಗಿಸಿ ನೋಡಿ, "ಅಯ್ಯೋ, ಇದಕ್ಕೋಸ್ಕರ ಬಂದ್ರಾ" ಅಂದ. ಹೌದಪ್ಪ, ಇದಕ್ಕೋಸ್ಕರವೇ ಬಂದೆ, ಮುರಿದದ್ದು ಇದೇ ತಾನೇ? ಕೊನೆಗೆ ತಂತಿ, ಹಳಿ, ಡ್ರಮ್ಮು, ಮೋಟರು ಎಲ್ಲ ಸೇರಿದ ಇಡೀ ಸಂಸಾರವನ್ನೇ ಹೊತ್ತು ತಂದೆ. ಮೆಕ್ಯಾನಿಕ್ ಅದನ್ನು ಕೂರಿಸಿ, ಗಾಜು ಜಾರುವ ರಬ್ಬರ್ ಸಂದಿಗೆ ಸಿಲಿಕೋನ್ ಸ್ಪ್ರೇ ಹೊಡೆದ. ಗ್ರೀಸ್ ಬೇಡ, ಧೂಳು ಹಿಡಿಯುತ್ತೆ ಅಂದ. ಗಾಜು ಏರಿತು. ಇಳಿಯುವುದಕ್ಕಾದರೆ ಒಂದು ಸಲ ಜೋರಾಗಿ ಒತ್ತಿ ಬಿಟ್ಟರೆ ಸಾಕು, ಏರುವಷ್ಟು ಹೊತ್ತೂ ಸ್ವಿಚ್ ಹಿಡಿದೇ ಇರಬೇಕು. ಯಾರದಾದರೂ ಬೆರಳು ಸಿಕ್ಕಿಕೊಂಡೀತು ಅಂತ ಹಾಗೆ ಮಾಡಿರುತ್ತಾರಂತೆ. ಒಳ್ಳೆಯದೇ.

ಹಳೇ ಮೋಟರನ್ನು ಅವನು ಗುಜರಿ ಡಬ್ಬಿಗೆ ಎಸೆಯುವವನಿದ್ದ. ತಡೆದೆ. ಬ್ಯಾಟರಿಗೆ ಹಚ್ಚಿಸಿ ನೋಡಿದೆ, 12 ವೋಲ್ಟಿಗೆ ಗರ್ರೆಂದು ತಿರುಗಿತು, ಘಾಟಿಯಲ್ಲಿ ತಿರುಗಿದಷ್ಟೇ ಜೋರಾಗಿ. ಈಗ ನಮ್ಮ ಅಟ್ಟದ ಮೇಲೆ, ಕೆಟ್ಟ ಮಿಕ್ಸಿಯ ಪಕ್ಕದಲ್ಲಿದೆ. ಇದ್ಯಾಕೆ ಅಂತ ಹೆಂಡತಿ ಎರಡು ಸಲ ಕೇಳಿದಳು. ಮಿಕ್ಸಿ ಬೇಕಾದರೆ ಎಸೆಯಲಿ. ಅದು ಕೆಟ್ಟಿದೆ.